ನಿಮಗಿದು ಗೊತ್ತೆ? ಕ್ಷಯವನ್ನು ಮಣಿಸಿದ ಸೂಜಿಮದ್ದು ಕಿವಿಗೂ ಕೇಡು ತರಬಲ್ಲುದು

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಶಾಲೆಯ ವಿದ್ಯಾರ್ಥಿ ಆಲ್ಬರ್ಟ್ ಷಾಟ್ಸ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್, ಪೆನಿಸಿಲಿನ್ನಿಗೂ ಜಗ್ಗದ ಕ್ಷಯರೋಗಾಣುವನ್ನು ಮಣಿಸಿದ ಮೊದಲ ಆಂಟಿಬಯೋಟಿಕ್ ಎಂಬ ಕೀರ್ತಿಗೆ ಪಾತ್ರವಾಯಿತು.

ನುಂಗಿದರೆ ಕರುಳು ಇದನ್ನು ಹೀರಿಕೊಳ್ಳದಾದ್ದರಿಂದ ಸಾಮಾನ್ಯವಾಗಿ ಮಾಂಸಖಂಡಕ್ಕೆ ಚುಚ್ಚಿ ಕೊಡುವರು. ಆದರೆ ರೋಗಾಣುವಿಗೆ ಮಾರಕವಾದ ಈ ಔಷಧವು ಶ್ರವಣಕ್ಕೂ ದೇಹದ ಸಮತೋಲನಕ್ಕೂ ಆಧಾರವಾದ ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನೂ ನಾಶಪಡಿಸಬಲ್ಲುದು. ಒಮ್ಮೆ ಅಳಿದ ಆ ಕೋಶಗಳು ಮನುಷ್ಯನಲ್ಲಿ ಮರಳಿ ಹುಟ್ಟವು. ಹಗಲಿನಲ್ಲಿ ಕಣ್ಣಿನ ಆಸರೆಯಿಂದ ನೆಟ್ಟಗೆ ನಡೆಯುವ ರೋಗಿಯು ಕತ್ತಲೆಯಲ್ಲಿ ತೂರಾಡುವುದು, ಕಿವಿಯಲ್ಲಿ ಎಡೆಬಿಡದೆ ಗುಂಯ್‌ಗುಡುವುದು, ಇವು ಆ ಹಾನಿಯ ಮುನ್ಸೂಚನೆಗಳಾಗಿದ್ದು, ಕಂಡೊಡನೆ ವೈದ್ಯರಿಗೆ ತಿಳಿಸತಕ್ಕವು.

ಮದ್ದು ದೇಹದಿಂದ ಹೊರಬೀಳುವುದು ಮೂತ್ರಪಿಂಡಗಳ ಮೂಲಕ. ಅವು ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಸಂಚಯವಾಗಿ ಅಪಾಯ ಹೆಚ್ಚುವುದರಿಂದ, ಚಿಕಿತ್ಸೆಗೆ ಮುನ್ನವೂ ನಡುವೆಯೂ ಮೂತ್ರಪಿಂಡಗಳ ಸ್ಥಿತಿಯನ್ನು ತಿಳಿಸುವ ರಕ್ತದ ಕ್ರಿಯಾಟಿನಿನ್ ಹಾಗೂ ಶ್ರವಣಶಕ್ತಿಯ ಪರೀಕ್ಷೆ ಅವಶ್ಯಕ. ಗರ್ಭಸ್ಥ ಶಿಶುವಿನ ಶ್ರವಣಕ್ಕೂ ಹಾನಿಯಾಗಬಹುದಾದ ಕಾರಣ ಗರ್ಭಿಣಿಯರಿಗೆ ಇದು ವರ್ಜ್ಯ. ಫ್ಯೂರೊಸೆಮೈಡ್‌ನಂತಹ ಮೂತ್ರವರ್ಧಕಗಳನ್ನು ಸೇವಿಸುವವರೂ, ಹಿಂದೆ ಇಂತಹ ಚುಚ್ಚುಮದ್ದಿನಿಂದ ಕಿವಿ ಮಂದವಾದ ಬಂಧುಗಳುಳ್ಳವರೂ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಅರುಹುವುದು ಲೇಸು.