ಹೊಗೆಗೆ ಹೊಸ ದಾರಿ

ಅಮೆರಿಕದ ಎಷ್ಟೋ ಗೃಹಸ್ಥರಿಗೆ ಮನೆಯ ಗ್ಯಾರೇಜೇ ಭಾನುವಾರದ ಕಾರ್ಯಾಗಾರ. 1955ರ ಷೆವ್ರೊಲೆ ವಿ-8 ಎಂಜಿನ್ನಿಗೆ ಕಾರ್ಖಾನೆಯವರು ಕೂಡಿಸಿದ್ದುದು ಎರಕದ ಕಬ್ಬಿಣದ ಹೊಗೆದಾರಿ. ಹವ್ಯಾಸಿಯು ಅದನ್ನು ಕಳಚಿ, ಸಿಲಿಂಡರಿಗೊಂದರಂತೆ ಉಕ್ಕಿನ ಕೊಳವೆಗಳುಳ್ಳ ‘ಹೆಡರ್’ಗಳನ್ನು ಜೋಡಿಸುತ್ತಾನೆ. ಹೊಗೆ ಸರಾಗವಾಗಿ ಹೊರಟು ಎಂಜಿನ್ನಿನ ಕಸುವು ತುಸು ಹೆಚ್ಚುತ್ತದೆ. ಸದ್ದೂ ಹೆಚ್ಚುತ್ತದೆ, ನೆರೆಯವರ ಪುಣ್ಯ!

ತುಕ್ಕು ಹಿಡಿದ ಬೋಲ್ಟುಗಳು ಮುರಿಯದಿರಲು ಹಿಂದಿನ ರಾತ್ರಿಯೇ ಎಣ್ಣೆಯುಣಿಸಬೇಕು. ಜ್ಯಾಕೊಂದನ್ನೇ ನಂಬಿ ಕಾರಿನಡಿ ನುಸುಳಬಾರದು, ಗಟ್ಟಿಯಾದ ಊರೆಗಳಿರಬೇಕು. ಆದರೆ ದೊಡ್ಡ ಅಪಾಯ ಕಾದಿರುವುದು ಕೆಲಸ ಮುಗಿದ ಮೇಲೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಗ್ಯಾರೇಜಿನ ಬಾಗಿಲು ಮುಚ್ಚಿ ಎಂಜಿನ್ ಪರೀಕ್ಷಿಸಹೊರಟವನು, ತಲೆನೋವೆಂದು ಕುಳಿತಲ್ಲಿಂದ ಏಳದೆಯೇ ಹೋಗಬಹುದು.

ಆದ್ದರಿಂದಲೇ ಬಲ್ಲವರು ಕಾರನ್ನು ಬಯಲಿಗೆ ತಳ್ಳಿ, ಅಲ್ಲಿ ಎಂಜಿನ್ ನಡೆಯಿಸಿ, ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಸೋರಿಕೆಯ ‘ಟಿಕ್ ಟಿಕ್’ ಕೇಳಿಸೀತೇ ಎಂದು ಕಿವಿಗೊಡುತ್ತಾರೆ.