ಪದಬಂಧದ ನ್ಯಾಯ

ದಿನಪತ್ರಿಕೆಯು ಮನೆಗೆ ಬಂದೊಡನೆ ಒಬ್ಬೊಬ್ಬರ ಕಣ್ಣು ಒಂದೊಂದು ಪುಟದ ಮೇಲೆ ಬೀಳುತ್ತದೆ. ರಾಜಕೀಯದಲ್ಲಿ ಆಸಕ್ತಿಯುಳ್ಳವರು ಮೊದಲ ಪುಟವನ್ನೂ, ವ್ಯಾಪಾರಿಗಳು ಪೇಟೆಯ ಧಾರಣೆಯನ್ನೂ, ತರುಣರು ಆಟೋಟಗಳ ಸುದ್ದಿಯನ್ನೂ ಅರಸುತ್ತಾರೆ. ಇವರೆಲ್ಲರ ನಡುವೆ, ಒಳಪುಟದ ಮೂಲೆಯಲ್ಲಿರುವ ಕಪ್ಪು ಬಿಳುಪಿನ ಚೌಕಗಳನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ. ಅವರಿಗೆ ಬೇಕಾದುದು ಒಂದು ಪೆನ್ಸಿಲು ಮತ್ತು ಅರ್ಧ ಗಂಟೆಯ ಬಿಡುವು. ಆ ಚೌಕಗಳ ಆಟಕ್ಕೆ ಪದಬಂಧವೆಂದು ಹೆಸರು. ಮೇಲ್ನೋಟಕ್ಕೆ ಇದು ಹೊತ್ತು ಕಳೆಯುವ ವಿನೋದ. ಒಳಹೊಕ್ಕು ನೋಡಿದರೆ, ಒಂದು ಮಾತನ್ನು ಯಾವ ಆಧಾರದ ಮೇಲೆ ಒಪ್ಪಬೇಕೆಂಬುದನ್ನು ಕಲಿಸುವ ಪಾಠ.

ಇಂದಿನ ಪದಬಂಧದ ಮೊದಲ ರೂಪವು 1913ರ ಡಿಸೆಂಬರ್ 21ರಂದು ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತನು ಅದನ್ನು ರಚಿಸಿದನು. ಕೆಲವೇ ವರ್ಷಗಳಲ್ಲಿ ಈ ಆಟ ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ ಬಂದಿತು. 1930ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೂ ಅದಕ್ಕೆ ಸ್ಥಳ ಕೊಟ್ಟಿತು. ಕನ್ನಡ ಪತ್ರಿಕೆಗಳ ಓದುಗರಿಗೂ ಪದಬಂಧವು ಬಹುಕಾಲದಿಂದ ಪರಿಚಿತವಾಗಿದೆ. ಕೋಲಾರ ಜಿಲ್ಲೆಯವರಾದ ಎ. ಎನ್. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ 30,000ಕ್ಕೂ ಹೆಚ್ಚು ಪದಬಂಧಗಳನ್ನು ರಚಿಸಿ, ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಸ್ಥಾನ ಪಡೆದಿದ್ದಾರೆ.

ಇಂಗ್ಲಿಷಿನ ಪದಬಂಧಕ್ಕೂ ಕನ್ನಡದ ಪದಬಂಧಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಅಲ್ಲಿ ಸ್ವರಕ್ಕೆ ಒಂದು ಚೌಕ, ವ್ಯಂಜನಕ್ಕೆ ಇನ್ನೊಂದು ಚೌಕ. ಇಲ್ಲಿ ಸ್ವರವೂ ವ್ಯಂಜನವೂ ಕೂಡಿ ಆದ ಒಂದು ಗುಣಿತಾಕ್ಷರಕ್ಕೆ ಒಂದೇ ಚೌಕ. ಒತ್ತಕ್ಷರಕ್ಕೂ ಒಂದೇ ಚೌಕ. ‘ನಂಜನಗೂಡು’ ಎಂಬುದಕ್ಕೆ ಐದು ಚೌಕಗಳು ಬೇಕು. ‘ಬಿಲ್ವ’ ಎಂಬುದಕ್ಕೆ ಎರಡು ಸಾಕು. ಪದಗಳು ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಸಾಗುತ್ತ ಒಂದನ್ನೊಂದು ಹಾಯುತ್ತವೆ. ಹೀಗೆ ಹಾಯುವ ಚೌಕದಲ್ಲಿಯೇ ಪದಬಂಧದ ನ್ಯಾಯವಿದೆ.

ನಂಜನಗೂಡಿನ ಒಂದು ವಾಚನಾಲಯವನ್ನು ಊಹಿಸಿಕೊಳ್ಳೋಣ. ನಿವೃತ್ತರಾದ ಒಬ್ಬ ಹಿರಿಯರೂ, ತಿರುಮಕೂಡಲು ನರಸೀಪುರದಿಂದ ಸೋದರಮಾವನ ಮನೆಗೆ ಬಂದಿರುವ ಒಬ್ಬ ವಿದ್ಯಾರ್ಥಿಯೂ ಒಂದೇ ಪತ್ರಿಕೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಾರೆ. ‘ನಂಜನಗೂಡಿನ ಬಳಿ ಹರಿಯುವ ನದಿ, ಮೂರು ಅಕ್ಷರ’ ಎಂಬುದು ಸುಳಿವು.

“ಕಪಿಲಾ ಅಂತ ಬರಿಯಪ್ಪ. ಸ್ನಾನದ ಸಂಕಲ್ಪದಲ್ಲಿ ಹೇಳುವುದೇ ಕಪಿಲಾ” ಎನ್ನುತ್ತಾರೆ ಹಿರಿಯರು.

“ತಾತ, ಕಬಿನಿ ಅಂತಲೂ ಆಗುತ್ತಲ್ಲ? ನಮ್ಮ ಭೂಗೋಳದ ಪುಸ್ತಕದಲ್ಲಿ ಹಾಗೇ ಇದೆ” ಎನ್ನುತ್ತಾನೆ ಹುಡುಗ.

ಇಬ್ಬರ ಮಾತೂ ನಿಜ. ವಯನಾಡಿನಲ್ಲಿ ಹುಟ್ಟಿ, ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಆ ನದಿಗೆ ಎರಡು ಹೆಸರುಗಳೂ ಉಂಟು. ಎರಡರಲ್ಲೂ ಮೂರೇ ಅಕ್ಷರ. ಎರಡರ ಮೊದಲ ಅಕ್ಷರವೂ ‘ಕ’. ಹಿರಿಯರ ವಯಸ್ಸಾಗಲಿ ಹುಡುಗನ ಉತ್ಸಾಹವಾಗಲಿ ಇದನ್ನು ತೀರ್ಮಾನಿಸಲಾರದು. ಆಗ ಅವರು ಎರಡನೆಯ ಚೌಕದಿಂದ ಕೆಳಕ್ಕೆ ಇಳಿಯುವ ಪದದ ಸುಳಿವನ್ನು ನೋಡುತ್ತಾರೆ: ‘ಶಿವನಿಗೆ ಪ್ರಿಯವಾದ ಪತ್ರೆ, ಎರಡು ಅಕ್ಷರ’. ದಿನವೂ ಶ್ರೀಕಂಠೇಶ್ವರನ ದರ್ಶನ ಮಾಡುವ ಹಿರಿಯರು ಥಟ್ಟನೆ “ಬಿಲ್ವ” ಎಂದುಬಿಡುತ್ತಾರೆ. ಹೇಳಿದ ಮೇಲೆ ಅವರಿಗೇ ನಗು ಬರುತ್ತದೆ. ನದಿಯ ಎರಡನೆಯ ಅಕ್ಷರ ‘ಬಿ’ ಎಂದಾಯಿತು. “ಬಿಲ್ವ ನನ್ನದು, ಕಬಿನಿ ನಿನ್ನದು ಕಣಪ್ಪ” ಎಂದು ಅವರು ಪೆನ್ಸಿಲನ್ನು ಹುಡುಗನ ಕೈಗೆ ಕೊಡುತ್ತಾರೆ. ಸೋತವರಿಗೆ ಇಲ್ಲಿ ಅವಮಾನವಿಲ್ಲ. ಏಕೆಂದರೆ ತೀರ್ಪು ಕೊಟ್ಟುದು ವ್ಯಕ್ತಿಯಲ್ಲ, ಸಾಕ್ಷ್ಯ.

ಇದು ನೇರವಾದ ಸುಳಿವಿನ ಮಾತಾಯಿತು. ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ. ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಗೂಢ ಪದಬಂಧವೆಂಬ ಮತ್ತೊಂದು ಬಗೆ ಪ್ರಸಿದ್ಧವಾಗಿದೆ. ಅದರ ಸುಳಿವು ಓದಲು ಸಾಮಾನ್ಯ ವಾಕ್ಯದಂತಿದ್ದರೂ ಅದರೊಳಗೆ ಎರಡು ಭಾಗಗಳು ಅಡಗಿರುತ್ತವೆ. ಒಂದು ಭಾಗ ಉತ್ತರದ ಅರ್ಥವನ್ನು ಹೇಳುತ್ತದೆ. ಇನ್ನೊಂದು ಭಾಗ ಆ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆಯನ್ನು ಹೇಳುತ್ತದೆ. ಕನ್ನಡದಲ್ಲಿಯೂ ಇಂತಹ ಸುಳಿವುಗಳನ್ನು ರಚಿಸಲು ಸಾಧ್ಯ. ‘ಕಾನೂನಿನ ಮುಂದೆ ಕೋತಿ ನಿಂತಾಗ ಹರಿಯಿತು ಹೊಳೆ (3)’ ಎಂಬುದನ್ನು ನೋಡಿ. ಕೋತಿಯೆಂದರೆ ಕಪಿ. ಕಾನೂನೆಂದರೆ ‘ಲಾ’, ‘ಲಾ ಕಾಲೇಜು’ ಎಂಬಲ್ಲಿ ಬಳಕೆಯಲ್ಲಿರುವ ಮಾತು ಅದು. ‘ಲಾ’ದ ಮುಂದೆ ‘ಕಪಿ’ಯನ್ನು ನಿಲ್ಲಿಸಿದರೆ ಕಪಿಲಾ, ಅದೇ ಹೊಳೆ. ಇಲ್ಲಿ ಕಬಿನಿಗೆ ಎಡೆಯೇ ಇಲ್ಲ. ಕಪಿಲೆಯೋ ಕಪಿಲಾವೋ ಎಂಬ ಸಂದೇಹವೂ ಉಳಿಯದು. ನೇರ ಸುಳಿವು ಉತ್ತರವನ್ನು ಒಮ್ಮೆ ಮಾತ್ರ ಹೇಳಿದರೆ, ಗೂಢ ಸುಳಿವು ಎರಡು ಸಲ ಹೇಳುತ್ತದೆ. ಕಷ್ಟವೆಂದು ತೋರುವ ಸುಳಿವೇ ಹೆಚ್ಚು ಖಚಿತವಾದುದು ಎಂಬುದು ಇದರ ಸ್ವಾರಸ್ಯ.

ಇನ್ನೂ ಕೆಲವು ಉದಾಹರಣೆಗಳನ್ನು ನೋಡಬಹುದು. ‘ವಿಷಕಂಠನ ಹಕ್ಕಿಮನೆ ರಸಬಾಳೆಯ ಊರು (5)’. ವಿಷಕಂಠನು ನಂಜ, ಹಕ್ಕಿಮನೆ ಗೂಡು, ನಂಜನ ಗೂಡು ನಂಜನಗೂಡಾಯಿತು. ‘ಹೊಳೆ ಹಿಂದಕ್ಕೆ ಹರಿದರೆ ಒಂದು ಹಗಲು, ಒಂದು ಇರುಳು (2)’. ಹೊಳೆಯೆಂದರೆ ನದಿ, ಅದರ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ದಿನ. ‘ಲೆಕ್ಕ ಸೇರಿಸಲು ಹೊಳೆಗಳ ಸಂಗಮ (3)’. ಸೇರಿಸುವುದಕ್ಕಾಗಿ ಎಂಬ ಅರ್ಥದಲ್ಲಿಯೂ, ನದಿಗಳು ಕೂಡುವ ಸ್ಥಳವೆಂಬ ಅರ್ಥದಲ್ಲಿಯೂ ‘ಕೂಡಲು’ ಎಂಬ ಒಂದೇ ಮಾತು ಸಲ್ಲುತ್ತದೆ. ಕಾವೇರಿ, ಕಪಿಲಾ ನದಿಗಳೂ, ಗುಪ್ತವಾಗಿದೆಯೆಂದು ನಂಬಲಾದ ಸ್ಫಟಿಕ ಸರೋವರವೂ ಕೂಡುವ ತಿರುಮಕೂಡಲಿನ ಹೆಸರಿನಲ್ಲಿ ಈ ಮಾತೇ ನೆಲೆಸಿದೆ. ಸಂಧಿ, ಸಮಾಸ, ಶ್ಲೇಷೆಗಳು ವ್ಯಾಕರಣದ ಪುಸ್ತಕದಿಂದ ಎದ್ದು ಬಂದು ಆಟಕ್ಕೆ ನಿಂತಂತೆ ಇದು.

ಆಟವೆಂದ ಮೇಲೆ ನಿಯಮವಿರಬೇಕು. ಇಂಗ್ಲೆಂಡಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಡೆರಿಕ್ ಮ್ಯಾಕ್ನಟ್ ಎಂಬ ಪದಬಂಧಕಾರರು 1966ರಲ್ಲಿ ಈ ಕಲೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿ ನಿಯಮಗಳನ್ನು ವಿವರಿಸಿದರು. ಸುಳಿವಿನಲ್ಲಿ ಸರಿಯಾದ ಅರ್ಥವಿರಬೇಕು, ಪದವನ್ನು ಕಟ್ಟಲು ನ್ಯಾಯವಾದ ಸೂಚನೆಯಿರಬೇಕು, ಇವೆರಡಲ್ಲದೆ ಬೇರೇನೂ ಇರಬಾರದು ಎಂಬುದು ಅವುಗಳ ಸಾರ. ‘ಕೋತಿಯೊಡನೆ ಬಂದ ಹೊಳೆ’ ಎಂದಷ್ಟೇ ಬರೆದರೆ ‘ಲಾ’ ಎಲ್ಲಿಂದ ಬಂದಿತೆಂದು ಕೇಳುವ ಹಕ್ಕು ಬಿಡಿಸುವವನಿಗೆ ಉಂಟು. ಪದಬಂಧಕಾರನು ಓದುಗನ ದಾರಿಯನ್ನು ತಪ್ಪಿಸಬಹುದು, ಸುಳ್ಳು ಹೇಳಬಾರದು.

ಆದುದರಿಂದಲೇ ಪದಬಂಧವನ್ನು ಬಿಡಿಸಿದರೆ ಸಾಲದು, ಅದನ್ನು ಚರ್ಚಿಸಬೇಕು. ಪತ್ರಿಕೆಯು ಮಾರನೆಯ ದಿನ ಉತ್ತರಗಳನ್ನು ಅಚ್ಚುಮಾಡುತ್ತದೆ; ಕಾರಣಗಳನ್ನು ಅಚ್ಚುಮಾಡುವುದಿಲ್ಲ. ಇಂದು ಮೊಬೈಲಿನಲ್ಲಿ ಹುಡುಕಿದರೆ ಉತ್ತರವು ಕ್ಷಣದಲ್ಲಿ ದೊರೆಯಬಹುದು. ಆದರೆ ನಕಲು ಮಾಡಿದ ಉತ್ತರದಿಂದ ಚೌಕ ತುಂಬುತ್ತದೆಯೇ ಹೊರತು ತಲೆ ತುಂಬುವುದಿಲ್ಲ. ‘ಇದು ಏಕೆ ಸರಿ? ಅದು ಏಕೆ ತಪ್ಪು?’ ಎಂದು ನಾಲ್ವರು ಕೂಡಿ ವಿಚಾರಿಸುವಾಗ ಒಬ್ಬನಿಗೆ ಹಳೆಯ ಪದ ನೆನಪಾಗುತ್ತದೆ, ಇನ್ನೊಬ್ಬನಿಗೆ ಪುರಾಣದ ಕಥೆ, ಮತ್ತೊಬ್ಬನಿಗೆ ಬೇಸಾಯದ ಮಾತು. ನಿಘಂಟು ಕಪಾಟಿನಿಂದ ಕೆಳಗಿಳಿಯುತ್ತದೆ. ಮರೆತುಹೋಗಲಿದ್ದ ಮಾತೊಂದು ಮತ್ತೆ ಬಳಕೆಗೆ ಬರುತ್ತದೆ.

ಈ ಬುದ್ಧಿವಿನೋದವು ಕನ್ನಡಿಗರಿಗೆ ಹೊಸತೇನಲ್ಲ. ಹಳ್ಳಿಯ ಜನ ಒಗಟುಗಳನ್ನು ಒಡ್ಡಿ ಬಿಡಿಸುತ್ತ ಬಂದಿದ್ದಾರೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿಯೂ ಕನಕದಾಸರ ಮುಂಡಿಗೆಗಳಲ್ಲಿಯೂ ಹೊರಗಿನ ಅರ್ಥ ಒಂದು, ಒಳಗಿನ ಅರ್ಥ ಮತ್ತೊಂದು. ಅವುಗಳ ಗುರಿ ಪರಮಾರ್ಥ. ಪದಬಂಧದ ಗುರಿ ವಿನೋದ. ಆದರೂ ಮಾತಿನ ತೋರಿಕೆಗೆ ಮರುಳಾಗದೆ ಅದರ ಒಳಗನ್ನು ಅರಸಬೇಕೆಂಬ ಎಚ್ಚರ ಎರಡಕ್ಕೂ ಸಮಾನವಾದುದು. 1942ರಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯು 12 ನಿಮಿಷಗಳೊಳಗೆ ಪದಬಂಧವನ್ನು ಬಿಡಿಸುವ ಸ್ಪರ್ಧೆಯನ್ನು ಏರ್ಪಡಿಸಿತ್ತು. ಅದರಲ್ಲಿ ಭಾಗವಹಿಸಿದ ಕೆಲವರನ್ನು ಅನಂತರ ಶತ್ರುಗಳ ಗೂಢಲಿಪಿಯನ್ನು ಭೇದಿಸುವ ಬ್ಲೆಚ್ಲಿ ಪಾರ್ಕ್ ಕೇಂದ್ರದ ಕೆಲಸಕ್ಕೆ ಕರೆಸಿಕೊಳ್ಳಲಾಯಿತು. ಆಟದಲ್ಲಿ ಪಳಗಿದ ಎಚ್ಚರ ಗಂಭೀರವಾದ ಕಾರ್ಯಕ್ಕೂ ಒದಗಿತು.

ಬದುಕಿನಲ್ಲಿ ನಾವು ಕೇಳುವ ಮಾತುಗಳಲ್ಲಿ ಹಲವು ಗೂಢ ಸುಳಿವುಗಳಂತೆಯೇ ಇರುತ್ತವೆ. ಜಾಹೀರಾತಿನ ಮಾತು, ಸಭೆಯ ಭಾಷಣ, ಬಾಯಿಂದ ಬಾಯಿಗೆ ಹರಡುವ ಸುದ್ದಿ ಇವೆಲ್ಲವೂ ಕೇಳಲು ಇಂಪಾಗಿರಬಹುದು. ಅವುಗಳನ್ನು ಎರಡನೆಯ ಬಾರಿ ಓದುವ ತಾಳ್ಮೆ, ಆಧಾರವನ್ನು ಕೇಳುವ ಧೈರ್ಯ, ಆಧಾರ ದೊರೆತಾಗ ತನ್ನ ಉತ್ತರವನ್ನು ಅಳಿಸಿ ಇನ್ನೊಬ್ಬರ ಉತ್ತರವನ್ನು ಬರೆಯುವ ವಿನಯ, ಈ ಮೂರನ್ನೂ ಪದಬಂಧವು ಸದ್ದಿಲ್ಲದೆ ಕಲಿಸುತ್ತದೆ. ಅದಕ್ಕೆಂದೇ ಅನುಭವಸ್ಥರು ಅದನ್ನು ಶಾಯಿಯಿಂದ ತುಂಬದೆ ಪೆನ್ಸಿಲಿನಿಂದ ತುಂಬುತ್ತಾರೆ.