ಎತ್ತರ ಎಲ್ಲಿಂದ ಅಳೆದದ್ದು?

ಮಳೆಗಾಲದಲ್ಲಿ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳ ಕೃಷ್ಣಾತೀರದಲ್ಲಿ ಕೇಳುವ ಪ್ರಶ್ನೆ ಒಂದೇ: ‘ಆಲಮಟ್ಟಿ ಎಷ್ಟಾಗೇತಿ?’ ಆಲಮಟ್ಟಿ ಅಣೆಕಟ್ಟಿನ ಈಗಿರುವ 519.60 ಮೀಟರನ್ನು 524.256ಕ್ಕೆ ಏರಿಸಬೇಕೇ ಬೇಡವೇ ಎಂದು ರಾಜ್ಯಗಳು ಜಗಳವಾಡುತ್ತಿವೆ. ಆದರೂ ಅಳತೆ ಸಮುದ್ರಮಟ್ಟದಿಂದ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ಇದೇ ಊರುಗಳ ಮೇಲೆ ಮೋಡದೊಳಗೆ ಹಾರುವ ಪೈಲಟ್‌ಗೆ ಆ ನಿಶ್ಚಿಂತೆ ಇಲ್ಲ. ಎತ್ತರ ತೋರಿಸುವ ಅವನ ಆಲ್ಟಿಮೀಟರ್ ನಿಜಕ್ಕೂ ಅಳೆಯುವುದು ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಹತ್ತಿರ ಸುಮಾರು 27 ಅಡಿ ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಆ ಇಳಿಕೆಯೇ ಅಡಿಗಳ ಲೆಕ್ಕವಾಗಿ ಕಾಣುತ್ತದೆ. ಆದರೆ ಒತ್ತಡ ಊರಿಂದೂರಿಗೆ, ಗಳಿಗೆಯಿಂದ ಗಳಿಗೆಗೆ ಬದಲಾಗುತ್ತದೆ. ಹಾಗಾಗಿ ಇಳಿಯುವ ನಿಲ್ದಾಣದ ಅಂದಿನ ಒತ್ತಡವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತಂದು, ನಿಯಂತ್ರಕರು ರೇಡಿಯೊದಲ್ಲಿ ಹೇಳುತ್ತಾರೆ. ಪೈಲಟ್‌ಗಳ ಬಾಯಲ್ಲಿ ಅದು ಕ್ಯೂಎನ್‌ಎಚ್. ಅದನ್ನು ಸರಿಯಾಗಿ ಇಟ್ಟರೆ, ಬೆಳಗಾವಿಯ ಸಾಂಬ್ರಾ ರನ್‌ವೇ ಮೇಲೆ ನಿಂತ ವಿಮಾನದ ಆಲ್ಟಿಮೀಟರ್ ಸುಮಾರು 2,490 ಅಡಿ ತೋರಿಸುತ್ತದೆ.

ನಿಗದಿತ ಎತ್ತರ ದಾಟಿ ಮೇಲೆ ಹೋದಾಗ ಎಲ್ಲರೂ ಸ್ಥಳೀಯ ಸಂಖ್ಯೆ ಬಿಟ್ಟು 1013.25 ಹೆಕ್ಟೊಪಾಸ್ಕಲ್ ಇಡುತ್ತಾರೆ. ನಿಪ್ಪಾಣಿಯ ನೆತ್ತಿಯ ಮೇಲೆ 35,000 ಅಡಿ ಎಂದು ತೋರಿಸುವ ವಿಮಾನ ನಿಜಕ್ಕೂ ಅಷ್ಟೇ ಎತ್ತರದಲ್ಲಿ ಇರುವುದಿಲ್ಲ. ಎಲ್ಲರ ತಪ್ಪೂ ಒಂದೇ ಆದ್ದರಿಂದ ನಡುವಿನ ಅಂತರ ಉಳಿಯುತ್ತದೆ. ನನಗೆ ಇದು ಬಲು ಜಾಣ ಒಪ್ಪಂದವಾಗಿ ಕಾಣುತ್ತದೆ. 2003ರ ನವೆಂಬರ್‌ನಿಂದ ಭಾರತದ ಆಕಾಶದಲ್ಲಿ 29,000 ಅಡಿಯ ಮೇಲೂ ಸಾವಿರ ಅಡಿ ಅಂತರ ಸಾಕೆಂದಾಗಿದ್ದು ಇಂಥ ನಂಬಿಕೆಯ ಮೇಲೆ.

ಅಂತರ ತಪ್ಪಿದರೆ ಏನಾಗುತ್ತದೆಂದು 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಕಂಡೆವು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕಸ್ತಾನದ ವಿಮಾನ ಕೆಳಗಿಳಿದು, 14,000 ಅಡಿಯಲ್ಲಿದ್ದ ಸೌದಿ ವಿಮಾನಕ್ಕೆ ಬಡಿಯಿತು. 349 ಜನ ಸತ್ತರು. ಅಲ್ಲಿ ತಪ್ಪಿದ್ದು ಒತ್ತಡದ ಸಂಖ್ಯೆಯಲ್ಲ, ಎತ್ತರ ಕಾಯುವ ಶಿಸ್ತು.

ಸಂಖ್ಯೆಯೇ ತಪ್ಪಿದ್ದು 2022ರ ಮೇ 23ರಂದು, ಪ್ಯಾರಿಸ್‌ನಲ್ಲಿ. ಮಳೆ ಸುರಿಯುತ್ತಿತ್ತು. ಕ್ಯೂಎನ್‌ಎಚ್ 1001 ಇದ್ದಾಗ ನಿಯಂತ್ರಕರು ಎರಡು ವಿಮಾನಗಳಿಗೆ 1011 ಎಂದರು. ಕೇಳಿದ್ದನ್ನು ಖಚಿತಪಡಿಸಲು ಮರಳಿ ಓದುವಾಗ ಒಂದು ವಿಮಾನದವರು 1001 ಎಂದೇ ಹೇಳಿದರು; ಆ ವ್ಯತ್ಯಾಸ ಯಾರ ಕಿವಿಗೂ ತಾಗಲಿಲ್ಲ. 1011 ಇಟ್ಟುಕೊಂಡು, ಉಪಗ್ರಹ ಮತ್ತು ಒತ್ತಡದ ಲೆಕ್ಕ ನಂಬಿ ಇಳಿಯುತ್ತಿದ್ದ ಇನ್ನೊಂದು ವಿಮಾನ, ಏರ್‌ಬಸ್ ಎ320, ತಾನು ಇರಬೇಕಾದ ದಾರಿಗಿಂತ ಸುಮಾರು 280 ಅಡಿ ಕೆಳಗಿತ್ತು. ರನ್‌ವೇ ಕಾಣದೆ ಪೈಲಟ್‌ಗಳು ಮೇಲೆತ್ತಿದರು. ಆ ಹೊತ್ತಿಗೆ, ರನ್‌ವೇ ಇನ್ನೂ ಒಂದೂವರೆ ಕಿಲೊಮೀಟರ್ ದೂರ ಇರುವಾಗಲೇ, ಚಕ್ರ ಮತ್ತು ನೆಲದ ನಡುವೆ ಉಳಿದಿದ್ದು ಬರೀ ಆರು ಅಡಿ.

ಮರಳಿ ಓದುವುದು ಶಾಸ್ತ್ರಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ವಿಮಾನ ಎರಡನೇ ಸಲ ಇಳಿಯಲು ಬಂದಾಗಲೂ ಆಲ್ಟಿಮೀಟರ್‌ನಲ್ಲಿ 1011 ಹಾಗೆಯೇ ಇತ್ತು. ಈ ಸಲ ರನ್‌ವೇ ಕಂಡಿತು.